ಕಂಬದ ಬುಡದಲ್ಲಿ ಹಚ್ಚಿದ ದೀಪ

ಸಂಪಾಜೆ
೧೮ ಮೇ ೨೦೨೫, ಭಾನುವಾರ

ಪ್ರೀತಿಯ ಮಿಲನ್,

ಹೇಗಿದ್ದೀಯ ಮಗ? ಗೋವಾದ ಉಪ್ಪುಗಾಳಿಗೆ ಕೆಮ್ಮು ಮತ್ತೆ ಎದ್ದಿದೆಯೇ? ಎದ್ದಿದ್ದರೆ ನಾನು ಕಟ್ಟಿಕೊಟ್ಟ ಕಾಳುಮೆಣಸಿನ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕು, ಡಬ್ಬಿಯನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಇಳಿದಿದೆ, ಬಾಯಿಯ ಜೋರು ಇಳಿದಿಲ್ಲ. ರಜೆಯ ಜನ ಇನ್ನೂ ಬರುತ್ತಿದ್ದಾರೆ. ಸಾಹಸದಾಟದ ಪಾರ್ಕಿನ ಗೇಟಿನೆದುರು ನನ್ನ ಅಂಗಡಿಯಲ್ಲಿ ಶುಂಠಿ ಚಹಾಕ್ಕೆ ಸಾಲು ನಿಲ್ಲುತ್ತದೆ, ನನಗೆ ಸೊಂಟ ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಕುಶಾಲಪ್ಪನ ಹೆಸರು ಎತ್ತಿದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದುತ್ತೀಯ ಎಂದು ನನಗೆ ಧೈರ್ಯ.

ನೀನು ಹೋದ ಮೇಲೆ ಪಾರ್ಕಿನವರ ಸಡಗರ ನೋಡಬೇಕಿತ್ತು. ಆ ದೊಡ್ಡ ಉಯ್ಯಾಲೆಯನ್ನು ಅರ್ಧ ದಿನ ಮುಚ್ಚಿ, ‘ತಾಂತ್ರಿಕ ಕಾರಣ’ ಎಂದು ಬೋರ್ಡು ಹಾಕಿದರು. ಆಮೇಲೆ ನಾಲ್ಕೂ ಕಂಬಕ್ಕೆ ಹಳದಿ ಬಣ್ಣ ಬಳಿದು, ಉಯ್ಯಾಲೆಗೆ ಹೊಸ ಹೆಸರಿಟ್ಟರು. ಸತ್ತವನಿಗೆ ತಿಥಿಯಾಗುವ ಮೊದಲೇ ಉಯ್ಯಾಲೆಗೆ ನಾಮಕರಣ. ಕುಶಾಲಪ್ಪನ ಮನೆಗೆ ಹೂವಿನ ಚಕ್ರ ಕಳುಹಿಸಿದ್ದರು, ಅದರ ರಿಬ್ಬನ್ನಿನಲ್ಲಿ ಪಾರ್ಕಿನ ಹೆಸರಿಲ್ಲ, ‘ಹಿತೈಷಿಗಳು’ ಎಂದಷ್ಟೇ ಇತ್ತು. ಮ್ಯಾನೇಜರ್ ಶಿವಪ್ರಕಾಶ್ ಊರೆಲ್ಲ ಹೇಳಿಕೊಂಡು ಬಂದದ್ದು ಒಂದೇ ಮಾತು: ಪಾಪ, ಬೇಲಿಯಾಚೆಯ ತೋಟದಲ್ಲಿ ಮರಗಸಿ ಮಾಡುವಾಗ ಬಿದ್ದುಬಿಟ್ಟ. ಒಳ್ಳೆಯ ಉಪಾಯವೇ. ನೆರಳಿನ ಮರದ ಕೊಂಬೆ ಕಡಿಯುವಾಗ ನಮ್ಮಲ್ಲಿ ಪ್ರತಿವರ್ಷ ಯಾರಾದರೂ ಬೀಳುತ್ತಾರೆ, ಅದರ ಬಗ್ಗೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನೀನೂ ಪೊಲೀಸರ ಮುಂದೆ ಹಾಗೆಯೇ ಹೇಳಿದೆ, ಪಾರ್ಕಿನವರು ನಿನ್ನನ್ನು ಮೇಲಿನ ಹುದ್ದೆ ಕೊಟ್ಟು ಗೋವಾದ ಪಾರ್ಕಿಗೆ ಕಳುಹಿಸಿದರು. ಬೆಳಗಿನ ಟ್ರಯಲ್‌ಗೆ ಹತ್ತಿದವನ ಬೆಲ್ಟು ಕಿತ್ತು, ಉಯ್ಯಾಲೆಯ ಕಂಬದಿಂದಲೇ ಅವನು ಬಿದ್ದದ್ದನ್ನು ನೀನು ಗೋವಾದಿಂದ ನನಗೊಬ್ಬಳಿಗೇ ಫೋನಿನಲ್ಲಿ ಅಳುತ್ತಾ ಹೇಳಿದ್ದೆ. ಪಾರ್ಕಿನ ಕೆಲಸಕ್ಕೆ ಸೇರಿದಾಗ ನಿನಗೆ ಹಗ್ಗದ ಗಂಟು ಹಾಕಲು ಕಲಿಸಿದವನು ಅವನು. ನಿನ್ನ ಆ ಅಳು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ಮನೆಯ ಹೊರಗೆ ಜೀವ ಬಿಟ್ಟವರನ್ನು, ಜೀವ ಹೋದ ಜಾಗದಲ್ಲೇ ದೀಪ ಹಚ್ಚಿ, ಹೆಸರು ಹಿಡಿದು ಕರೆದು, ಆ ದೀಪದ ಜೊತೆ ಮನೆಗೆ ತರಬೇಕಲ್ಲ. ನಿನ್ನ ದೊಡ್ಡಜ್ಜ ಹೊಳೆಯಲ್ಲಿ ಹೋದಾಗಲೂ ಹಾಗೆಯೇ ತಂದದ್ದು. ತಿಥಿಯ ಹಿಂದಿನ ದಿನ ಕುಶಾಲಪ್ಪನ ದೊಡ್ಡಪ್ಪ ದೇರಪ್ಪನವರು ಮನೆಯವರನ್ನು ಕರೆದುಕೊಂಡು ಬೇಲಿಯಾಚೆಯ ತೋಟದ ಆ ಸಿಲ್ವರ್ ಮರದ ಬುಡಕ್ಕೆ ಹೋದರು. ಮುದುಕ ಮರದ ಕಥೆಯನ್ನು ನಂಬಿದ್ದರು. ನಾನೂ ಹೋಗಿದ್ದೆ. ದೀಪ ಹಚ್ಚಿ ಇನ್ನೇನು ಕರೆಯಬೇಕು ಎನ್ನುವಾಗ ಕುಶಾಲಪ್ಪನ ಹೆಂಡತಿ ದಿವ್ಯ ಅಡ್ಡ ಬಂದಳು.

"ಅವು ಬಿದ್ದದ್ ಇಲ್ಲಿ ಅಲ್ಲ. ಅವು ಇಲ್ಲಿ ಇಲ್ಲೆ."

ಗಂಡನ ಬಗ್ಗೆ ಅಷ್ಟು ಹೇಳಿ, ದೇರಪ್ಪನವರ ಕೈಯಿಂದ ದೀಪ ತೆಗೆದುಕೊಂಡು, ಗಾಳಿಗೆ ಸೆರಗು ಮರೆಮಾಡಿ, ಪಾರ್ಕಿನ ಗೇಟಿನ ಕಡೆಗೆ ನಡೆದಳು. ನಾವೆಲ್ಲ ಹಿಂದೆ. ದೀಪ ಕಂಡ ಕೂಡಲೇ ಗೇಟಿನ ಹುಡುಗರು ಪಕ್ಕಕ್ಕೆ ಸರಿದು ಚಪ್ಪಲಿ ಬಿಟ್ಟು ನಿಂತರು. ನಮ್ಮೂರಿನವರಲ್ಲವೇ, ಅಂಥ ದೀಪಕ್ಕೆ ಅಡ್ಡ ನಿಲ್ಲುತ್ತಾರೆಯೇ? ಯಾರೋ ಮೈಕಿನ ಹಾಡು ನಿಲ್ಲಿಸಿದರು. ಪ್ರವಾಸಿಗಳಿಗೆ ಏನು ಅರ್ಥವಾಯಿತೋ, ಅವರೂ ದಾರಿ ಬಿಟ್ಟರು. ಆದರೆ ಉಯ್ಯಾಲೆಯ ಹತ್ತಿರ ಬಂದ ಮೇಲೆ ದಿವ್ಯ ದಿಕ್ಕು ತೋಚದೆ ನಿಂತುಬಿಟ್ಟಳು. ಇರುವುದು ನಾಲ್ಕು ಕಂಬ, ಯಾವುದರ ಬುಡ ಎಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಶಿವಪ್ರಕಾಶ್ ಆಫೀಸಿನಿಂದ ಓಡಿ ಬಂದ. ಸುಮ್ಮನೆ ಓಡಿ ಬಂದಿದ್ದರೆ ಬೇರೆ ಮಾತು. ಮೂರು ಕಂಬ ದಾಟಿ, ಟಿಕೆಟ್ ಕೌಂಟರಿನ ಕಡೆಯ ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತ.

"ಇಲ್ಲಿ ಬೇಡಮ್ಮ, ದಯವಿಟ್ಟು ಇಲ್ಲಿ ಬೇಡ."

ದೇರಪ್ಪನವರು ಅವನ ಮುಖ ನೋಡಿದರು, ಆಮೇಲೆ ಅವನ ಕಾಲ ಕೆಳಗಿನ ನೆಲ ನೋಡಿದರು. ಅಲ್ಲಿಯೇ ಬಾಳೆಲೆ ಹಾಕಿದರು. ಶಿವಪ್ರಕಾಶ್ ತಾನಾಗಿಯೇ ಸರಿದ. ಮುದುಕ ಕುಶಾಲಪ್ಪನ ಹೆಸರು ಹಿಡಿದು ಕರೆದಾಗ ದಿವ್ಯ ಮೊದಲ ಸಲ ಬಾಯಿಬಿಟ್ಟು ಅತ್ತಳು. ನಾನೂ ಅತ್ತೆ. ಮನೆ ಸೇರುವವರೆಗೂ ದೀಪ ಆರಲಿಲ್ಲ ಮಗ, ತಿಥಿ ಚೆನ್ನಾಗಿ ನಡೆಯಿತು. ಅಂದಿನಿಂದ ನನ್ನ ಮನಸ್ಸು ಎಷ್ಟು ಹಗುರವಾಗಿದೆ ಎಂದರೆ, ಅಪ್ಪ ಗೊರಕೆ ಹೊಡೆದರೂ ನಿದ್ದೆ ಬರುತ್ತದೆ. ದಿವ್ಯಳಿಗೆ ಹೇಳಿದವರು ಯಾರೆಂದು ಶಿವಪ್ರಕಾಶ್ ಇನ್ನೂ ಎಲ್ಲರನ್ನೂ ಕೇಳುತ್ತಿದ್ದಾನೆ. ನಿನ್ನೆ ನನ್ನ ಅಂಗಡಿಗೂ ಬಂದು ಕೇಳಿದ. ಚಹಾ ಕುಡಿಸಿ ಕಳುಹಿಸಿದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಎತ್ತರಕ್ಕೆ ಹತ್ತುವ ಮೊದಲು ಬೆಲ್ಟನ್ನು ನೀನೇ ಎಳೆದು ನೋಡು. ಕಾವೇರಮ್ಮ ನಿನ್ನನ್ನು ಕಾಯಲಿ. ಅಪ್ಪ ನಿನ್ನನ್ನು ಕೇಳಿದರೆಂದು ಬರೆಯಲು ಹೇಳುತ್ತಿದ್ದಾರೆ.

ನಿನ್ನ ದಾರಿ ನೋಡುವ
ಅವ್ವ, ಗಂಗಮ್ಮ

ಇನ್ನೊಂದು ಮಾತು, ಬಸ್ಸಿನವನು ಕಾಗದಕ್ಕೆ ಕಾಯುತ್ತಿದ್ದಾನೆ: ದಿವ್ಯಳಿಗೆ ಹೇಳಿದ್ದು ನಾನೇ. ನಿನ್ನ ಬಾಯಿಂದ ಕೇಳಿದ್ದು ಎಂದೂ ಹೇಳಿದ್ದೇನೆ. ಅವಳು ನಿನ್ನನ್ನು ಬಯ್ಯಲಿಲ್ಲ, ಹುಡುಗ ಊಟ ಮಾಡುತ್ತಿದ್ದಾನೋ ಎಂದು ಕೇಳಿದಳು. ದೀಪ ತಂದ ದಿನ ಪಾರ್ಕಿನಲ್ಲಿ ಯಾರೋ ತೆಗೆದ ವಿಡಿಯೋ ನೋಡಿ ಕಾರ್ಮಿಕ ಇಲಾಖೆಯವರು ಶುಕ್ರವಾರ ಬರುತ್ತಾರಂತೆ. ಕೇಳಿದವರ ಮಾತು ಸಾಲದು, ಕಂಡವರೇ ಹೇಳಬೇಕಂತೆ. ನಾನು ಕೇಳಿದವಳು, ಕಂಡವನು ನೀನು. ಗುರುವಾರ ರಾತ್ರಿ ಮರುದಿನದ ತಿಂಡಿಯ ನೂಲ್‌ಪುಟ್ಟಿಗೆ ಅಕ್ಕಿ ನೆನೆ ಹಾಕುತ್ತೇನೆ, ಮೂರು ಜನಕ್ಕಾಗುವಷ್ಟು.