ಸೆನ್ಸರಿಲ್ಲದ ಬೋರ್ಡು

ಮಂಗಳವಾರ, ಹದಿನಾಲ್ಕು

ಕಟ್ಟಡದ ಕಂಪನಿ ಮಾತು ಕೊಟ್ಟಿದ್ದು ಬಾಡಿಗೆದಾರರ ಪ್ರತಿ ಮನೆಗೂ ಬ್ಯಾಟರಿ, ಅದನ್ನು ಕಾಯುವ ಬಿಎಂಎಸ್ ಬೋರ್ಡು, ಬ್ಯಾಟರಿ ವಿಪರೀತ ಬಿಸಿಯಾದರೆ ತಾನೇ ಕರೆಂಟ್ ಕಡಿಯುವಂತೆ ಶಾಖದ ಸೆನ್ಸರು. ಬ್ಯಾಟರಿ ಬಂತು, ಬೋರ್ಡು ಬಂತು, ಸೆನ್ಸರು ಇಲ್ಲ.

"ಒಪ್ಪಂದದಲ್ಲಿ ಸೆನ್ಸರ್ ಅಂತ ಎಲ್ಲಿದೆ, ತೋರ್ಸಿ ಸ್ವಾಮಿ," ಎಂದ ಕಂಪನಿಯ ಮ್ಯಾನೇಜರ್. ಇಲ್ಲ. ಬಾಡಿಗೆದಾರರ ಸಂಘದ ಪರವಾಗಿ ಒಪ್ಪಂದ ಬರೆದವನು ನಾನು; ಅವರು ಬಾಯಲ್ಲಿ ಒಪ್ಪಿದ್ದನ್ನು ಕಾಗದಕ್ಕೆ ಇಳಿಸದೆ ಬಿಟ್ಟವನೂ ನಾನೇ. ಕರಪತ್ರಕ್ಕೆ ಎರಡು ಪುಟ ಧಿಕ್ಕಾರ ಬರೆದೆ, ಒಪ್ಪಂದದಲ್ಲಿ ಸೆನ್ಸರು ಎಂಬ ಒಂದು ಪದ ಬರೆಯಲಿಲ್ಲ.

ಸಂಜೆ ಬ್ಯಾಟರಿಯಿಂದ ಬೋರ್ಡಿಗೆ ಹೋಗುವ ಹದಿನೇಳು ತೆಳು ತಂತಿಗಳನ್ನೂ ಮೀಟರಿಟ್ಟು ಅಳೆದೆ, ಸರಿಯಿತ್ತು. ಅವನ್ನು ಬೋರ್ಡಿಗೆ ಸೇರಿಸುವ ಪ್ಲಗ್ ಮಾತ್ರ ಸಿಗಿಸದೆ ಕೈಯಲ್ಲೇ ಉಳಿಯಿತು. ಇರುವುದೊಂದೇ ಕೋಣೆ, ಬ್ಯಾಟರಿ ಅಕ್ಕನ ಮಂಚಕ್ಕೆ ತಾಗಿಕೊಂಡಿದೆ. ಕರೆಂಟ್ ಹೋದರೆ ಅವಳ ಉಸಿರಿನ ಯಂತ್ರ ಅದರಿಂದಲೇ ನಡೆಯಬೇಕು.

"ಸಿಗಿಸೋ. ಮೈಕ್ ಮುಂದೆ ಹುಲಿ, ಪ್ಲಗ್ ಮುಂದೆ ಇಲೀನಾ?" ಎಂದಳು ಅಕ್ಕ.

"ಬೆಂಕಿ ಹತ್ತಿದ್ರೆ ನೀನು ಎದ್ದು ಓಡ್ತೀಯೇನಕ್ಕಾ?"

"ಕರೆಂಟ್ ಹೋದ್ರೆ ಉಸಿರಾಡ್ತೀನೇನೋ?"

ಆದರೂ ಸಿಗಿಸಲಿಲ್ಲ. ಇದು ಎಚ್ಚರವೋ, ನನ್ನ ತಪ್ಪು ಮುಚ್ಚುವ ಹಠವೋ, ಗೊತ್ತಾಗುತ್ತಿಲ್ಲ. ಸಂಘದ ಸಭೆಯಲ್ಲಿ ಮೊದಲು ನನ್ನ ತಪ್ಪು ಹೇಳುತ್ತೇನೆ, ಆಮೇಲೆ ಅವರ ಮೋಸ. ಅಲ್ಲಿಯವರೆಗೆ ಕರೆಂಟ್ ಹೋಗದಿರಲಿ. ಸಭೆ ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.