ಹೊಸತೊಡಕಿನ ಬೇಟೆ

ಮಧುಗಿರಿ
28-3-82

ಅವ್ವನಿಗೆ ಬೊಮ್ಮಪ್ಪನ ನಮಸ್ಕಾರ.

ಈ ಕಾಗದವನ್ನು ಪೋಸ್ಟಿನವರ ಕೈಲೇ ಓದಿಸಿಕೊ. ಪೆದ್ದಣ್ಣ ಮಾವನ ಮನೆಯಲ್ಲಿ ಓದಿಸಬೇಡ.

ಯುಗಾದಿ ಮುಗಿಸಿ ನಿನ್ನೆ ಹೊಸತೊಡಕಿನ ಬೇಟೆಗೆ ಹೊರಟವರು ಬರಿಗೈಲಿ ಬಂದದ್ದು ನೋಡಿ ಹೆದರಿರುತ್ತೀಯ. ಜಗಳವೇನೂ ಆಗಲಿಲ್ಲ. ಕಂಪನಿಯವರು ಈ ವರ್ಷ ತಮ್ಮ ಜಮೀನಿನ ಹುಲ್ಲು ಕೊಯ್ಯಿಸದೆ ಜಿಂಕೆಗಳಿಗೇ ಬಿಟ್ಟು ನನ್ನನ್ನು ಕಾವಲಿಗೆ ಹಾಕಿದ್ದಾರಲ್ಲ, ಅಲ್ಲಿಗೇ ಬಲೆ ಹೊತ್ತು ಬಂದರು. ಮುಂದೆ ಮಾವನೇ.

“ದಾರಿ ಬುಡ್ಲಾ ಅಳಿಯ, ತಾತನ ಕಾಲದಿಂದ ಇಲ್ಲೇ ಬೇಟೆ ಕಣ್ಲಾ” ಅಂದರು.

ಬಿಟ್ಟರೆ ಕೆಲಸ ಹೋಗುತ್ತದೆ, ತಡೆದರೆ ಅವರ ಮಗಳನ್ನು ನನಗೆ ಕೊಡುವ ಮಾತು ಮುರಿಯುತ್ತದೆ. “ಮಾವ, ಬೆಳಿಗ್ಗೆ ತಾನೇ ಒಂದು ಜಿಂಕೆ ಈದೈತೆ” ಅಂದುಬಿಟ್ಟೆ.

ಮಾವ ನಾಯಿಗಳನ್ನು ಹಿಂದಕ್ಕೆಳೆದುಕೊಂಡರು. “ಹಸಿ ಬಾಣಂತಿ ಇರೋ ತಾವಿಗೆ ಯಾರಾದ್ರೂ ಬಲೆ ತಕ್ಕೊಂಡು ಹೋಯ್ತಾರೇನ್ರಲಾ? ನಡೀರಿ ಮನೇಗೆ” ಅಂದರು.

ಅವ್ವ, ನಾನು ಯಾವ ಮರಿಯನ್ನೂ ಕಂಡಿರಲಿಲ್ಲ. ಮಾವನ ಮುಖ ನೆನೆದು ನಿದ್ದೆ ಹತ್ತಲಿಲ್ಲ. ಇವತ್ತು ಸುತ್ತು ಹೊಡೆಯುವಾಗ ನೋಡಿದರೆ, ಹುಲ್ಲಿನ ನಡುವೆ ನಿಜವಾಗಿಯೂ ಒಂದು ಮರಿ ಮಲಗಿದೆ! ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಮರಿ ನೋಡಲು ಮಾವನನ್ನು ಕಳಿಸು. ಆದರೆ ಎರಡು ದಿನ ತಡೆದು ಕಳಿಸು. ಅದರ ಮೈ ಇನ್ನೂ ಒದ್ದೆಯಾಗಿದೆ.

ನಿನ್ನ ಮಗ,
ಬೊಮ್ಮಪ್ಪ