ಮನೆಗೆ ಬೀಗ, ಯಾರೂ ಇಲ್ಲ

ಜೈಲಿನ ಕ್ವಾರ್ಟರ್ಸ್,
೧೪ನೇ ತಾರೀಖು, ಬುಧವಾರ

ಪ್ರೀತಿಯ ಅಕ್ಕಾ,

ಮೊದಲು ಮೊನ್ನೆ ರಾತ್ರಿಯ ಕೆಟ್ಟ ಕನಸು ಹೇಳಿಬಿಡುತ್ತೇನೆ, ಹೇಳಿದರೆ ಫಲಿಸುವುದಿಲ್ಲವಂತೆ. ಸಂಜೆಯ ಎಣಿಕೆಗೆ ಕೈದಿಗಳ ಸಾಲಿನಲ್ಲಿ ನಾನೂ ನಿಂತಿದ್ದೆ. ನಾನು ಸಿಬ್ಬಂದಿ ಎಂದು ಎಷ್ಟು ಕೂಗಿದರೂ ನಮ್ಮ ಹಿರಿಯ ಅಧಿಕಾರಿ ತಲೆ ಎತ್ತದೆ, ಲೆಕ್ಕ ಸರಿಯಿದೆ, ಬಾಗಿಲು ಹಾಕಿ ಅಂದ. ಅಂದಿನಿಂದ ಊಟ ಸೇರುತ್ತಿಲ್ಲ. ಅದಿರಲಿ, ನಿನ್ನ ಮಂಡಿನೋವು ಹೇಗಿದೆ? ಭಾವನವರು ಮಾತ್ರೆ ಮರೆಯುತ್ತಿಲ್ಲ ತಾನೆ?

ಕೆಲಸ ಹೇಗಿದೆ ಎಂದು ನೀನು ಕೇಳಿದ್ದೆ. ಹೆಸರಿಗೆ ಪೆರೋಲ್ ಅಧಿಕಾರಿ, ಮಾಡುವುದು ಫೈಲಿಗೆ ದಾರ ಕಟ್ಟುವುದು. ಕಂಬಳಿ ಕೋಣೆಯ ಪಕ್ಕ ಒಂದು ಮೇಜು, ಮೂರೂವರೆ ಕಾಲಿನ ಕುರ್ಚಿ. ಹಿರಿಯ ಅಧಿಕಾರಿ ಹನ್ನೊಂದಕ್ಕೆ ಬಂದು ಕನ್ನಡಕ ಒರೆಸುತ್ತಾನೆ, ಆಮೇಲೆ ಆ ಕನ್ನಡಕದಿಂದ ಏನನ್ನೂ ಓದುವುದಿಲ್ಲ. ಓದದ ಕಾಗದಕ್ಕೆ ರುಜು ಹಾಕುವುದರಲ್ಲಿ ಅವನು ನಿಸ್ಸೀಮ. ಮೂಲೆಯ ಪೊರಕೆಯಾದರೂ ದಿನಕ್ಕೊಮ್ಮೆ ದುಡಿಯುತ್ತದೆ.

ಕೈದಿಯನ್ನು ನಾಲ್ಕು ದಿನ ಮನೆಗೆ ಬಿಡುವ ಮೊದಲು ಅವನನ್ನು ಸೇರಿಸಿಕೊಳ್ಳುವವರು ಇದ್ದಾರೆಯೇ ಎಂದು ನಾವು ಮನೆಗೇ ಹೋಗಿ ನೋಡಬೇಕು. ಹೋಗುವುದು ಆಫೀಸಿನ ಹೊತ್ತಿನಲ್ಲಿ ಮಾತ್ರ. ಆ ಹೊತ್ತಿನಲ್ಲಿ ಕೂಲಿಯವರ ಮನೆಯಲ್ಲಿ ಬೀಗವಲ್ಲದೆ ಇನ್ನೇನು ಸಿಗುತ್ತದೆ? ಇಲ್ಲಿ ಕೈದಿಗಳಲ್ಲೊಬ್ಬ ವೆಲ್ಡರ್ ಇದ್ದಾನೆ. ಅವನ ಅರ್ಜಿ ಮೂರು ಸಲ 'ಮನೆಗೆ ಬೀಗ, ಯಾರೂ ಇಲ್ಲ' ಎಂದು ತಿರಸ್ಕೃತವಾಗಿದೆ. ನಾಲ್ಕನೆಯ ಸಲ ಕಳೆದ ವಾರ ನನ್ನನ್ನೇ ಕಳಿಸಿದರು, ನಿನ್ನ ಊರಿಗೆ, ನಿಮ್ಮ ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಕೊನೆಯ ಮನೆಗೆ. ನಿನ್ನ ಮುಖ ನೋಡದೆ ಬಂದೆ, ಬೈಯಬೇಡ. ಐದರೊಳಗೆ ವಾಪಸ್ ಹಾಜರಿ ಹಾಕದಿದ್ದರೆ ಆ ಮಹಾಶಯ ರಜೆ ಬರೆಯುತ್ತಾನೆ. ಬಾಗಿಲಿಗೆ ಬೀಗವಿತ್ತು. ನಾನೂ ಅದೇ ಸಾಲು ಬರೆದೆ.

ಮೊನ್ನೆ ಸೋಮವಾರ ವೆಲ್ಡರ್‌ಗೆ ಹೇಳಿದರೆ ಅವನು ಸಿಟ್ಟಾಗಲಿಲ್ಲ, ನಕ್ಕ. "ಹೆಂಡ್ತಿ ಆಸ್ಪತ್ರೇಲಿ ಬಟ್ಟೆ ಒಗೀತಾಳೆ ಸಾರ್. ಹಗಲೆಲ್ಲ ಮನೇಲಿ ಕೂತ್ರೆ ಒಲೆ ಉರಿಯುತ್ತಾ? ಅಮ್ಮನಿಗೆ ಮರೆವು, ಹೊರಗೆ ಹೋದ್ರೆ ವಾಪಸ್ ಬರೋ ದಾರಿ ತಿಳಿಯಲ್ಲ. ಅದಕ್ಕೇ ಬೀಗ ಹಾಕಿ ಹೋಗ್ತಾಳೆ. ಅಮ್ಮ ಒಳಗೇ ಇರ್ತಾಳೆ." ಆ ತಾಯಿ ಒಬ್ಬೊಬ್ಬರನ್ನಾಗಿ ಮರೆಯುತ್ತಿದ್ದಾಳಂತೆ. ಸೊಸೆಯ ಹೆಸರು ಹೋಗಿದೆ, ಮಗನದು ಇನ್ನೂ ಉಳಿದಿದೆ. ಅದು ಹೋಗುವ ಮುಂಚೆ ಒಮ್ಮೆ ಎದುರಿಗೆ ಕೂರಬೇಕು, ಅಷ್ಟೇ ಅವನ ಅರ್ಜಿ.

ಹಿರಿಯ ಅಧಿಕಾರಿಗೆ ಇದನ್ನು ಹೇಳಿದೆ. "ಬೀಗ ಇದ್ರೆ ಬೀಗ ಅಂತ ಬರಿ. ಬೀಗದ ಹಿಂದೆ ಏನಿದೆ ಅಂತ ಫಾರಮ್ಮಲ್ಲಿ ಕೇಳಿಲ್ಲ. ಅರ್ಧಂಬರ್ಧ ಓದಿದೋನಿಗೆ ಇಷ್ಟೊಂದು ತಲೆ ಯಾಕಪ್ಪಾ?" ಅಂದ. ನಾನು ಏಳನೆಯಲ್ಲಿ ಬಿಟ್ಟು, ಮೀಸೆ ಬಂದಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿದವನು, ನಿಜ. ಪೂರ್ತಿ ಓದಿದವನು ಮೂರು ಸಲ ಒಂದೇ ಸಾಲನ್ನು ನಕಲು ಮಾಡಿ ಬಡ್ತಿಗೆ ಕಾಯುತ್ತಿದ್ದಾನೆ. ಥೂ, ನಾಲ್ಕನೆಯ ನಕಲು ನನ್ನದೇ.

ಅರ್ಜಿಗಳನ್ನು ತೀರ್ಮಾನಿಸುವ ಸಮಿತಿ ಬರುವ ಮಂಗಳವಾರ ಸೇರುತ್ತದೆ. ವರದಿ ಸೋಮವಾರದವರೆಗೆ ನನ್ನ ಡ್ರಾಯರಿನಲ್ಲಿರುತ್ತದೆ. ಭಾನುವಾರ ಆ ಸೊಸೆ ಮನೆಯಲ್ಲಿರುತ್ತಾಳೆ. ಸೇರಿಸಿಕೊಳ್ಳುತ್ತೇನೆ ಎಂದು ಅವಳಿಂದ ಎರಡು ಸಾಲು ಬರೆಸಿ, ಈ ಪತ್ರ ತಂದ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕಳಿಸು. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ಹೆದರುಪುಕ್ಕ ತಮ್ಮ

ತಾ.ಕ.: ಬಸ್ಸು ಹಾರ್ನ್ ಹೊಡೆಯುತ್ತಿದೆ. ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಅಂದು ನಾನು ಬಾಗಿಲು ತಟ್ಟಿದಾಗ ಒಳಗಿನಿಂದ ಮುದುಕಿಯ ದನಿ ಬಂತು. ಒಂದು ಹೆಸರು ಹಿಡಿದು, "ಬಂದ್ಯಾ?" ಅಂತ ಕೇಳಿದಳು. ನನಗೆ ಬಸ್ಸಿನ ಚಿಂತೆ. ಉತ್ತರ ಕೊಡದೆ ಮೆಟ್ಟಿಲ ಮೇಲೆ ಕೂತೇ 'ಯಾರೂ ಇಲ್ಲ' ಎಂದು ಬರೆದೆ. ಅದು ವೆಲ್ಡರನ ಹೆಸರೇ ಎಂದು ನನಗನಿಸುತ್ತದೆ, ಆದರೆ ಖಾತ್ರಿಯಿಲ್ಲ. ಅಕ್ಕಾ, ಇದಕ್ಕೆ ಭಾನುವಾರದವರೆಗೆ ಕಾಯಬೇಡ, ನಾಳೆ ಹಗಲಿನಲ್ಲೇ ಹೋಗಿ ಆ ಬಾಗಿಲು ತಟ್ಟು. ಯಾರ ಹೆಸರು ಕೂಗುತ್ತಾಳೆ, ಇನ್ನೊಂದು ಸಲ ಸರಿಯಾಗಿ ಕೇಳಿಸಿಕೊಂಡು ಬರೆ.